ಹೊಸ್ತಿಲು ದಾಟಿದ ತಂತಿಗಾಜು

ಅಗಸೆ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಅವ್ವನ ಮೊಣಕೈ ನೆನಪಾಗುತ್ತದೆ. ಮಾಗಿಯ ಚಳಿ ಇಳಿಯುತ್ತಿದ್ದಂತೆ ಅವಳು ಅಡುಗೆಮನೆಯ ಕಲ್ಲಿನ ಮೇಲೆ ಸೀಮೆಸುಣ್ಣದ ಪುಡಿ ಗುಡ್ಡೆ ಹಾಕಿ, ನಡುವೆ ಕುಳಿ ಮಾಡಿ, ಎಣ್ಣೆ ಹೊಯ್ದು, ಕಣಕ ನಾದಿದ ಹಾಗೆ ನಾದುತ್ತಿದ್ದಳು. ಅದು ತಿನ್ನುವ ಕಣಕವಲ್ಲ, ಕಿಟಕಿಯ ಗಾಜಿನ ಅಂಚಿಗೆ ಮೆತ್ತುವ ಪುಟ್ಟಿ. ಒಮ್ಮೆ ನಾನು ತಿಳಿಯದೆ ಒಂದು ಉಂಡೆ ಬಾಯಿಗೆ ಹಾಕಿಕೊಂಡಾಗ ಅವ್ವ ಬೈಯಲಿಲ್ಲ. ಬೆರಳಿನಿಂದ ಬಾಯಿ ಒರೆಸಿ ಬೆಲ್ಲ ಕೊಟ್ಟಳು. ಆ ದಿನಗಳಲ್ಲಿ ಊರಿನ ಪ್ರತಿ ಓಣಿಯೂ ಹಾಗೇ ಕಂಪಾಗಿರುತ್ತಿತ್ತು. ಎಲ್ಲರ ಮನೆಯಲ್ಲೂ ಗಾಜು ಗಟ್ಟಿ ಮಾಡಿಕೊಳ್ಳುವ ಕೆಲಸ.

ಏಕೆಂದರೆ ನಮ್ಮೂರಿಗೆ ವರ್ಷಕ್ಕೊಮ್ಮೆ ಬೆಂಕಿ ಬರುತ್ತದೆ. ಗುಡ್ಡದ ಕಾಗೆಗಳೆಲ್ಲ ಊರೊಳಗೆ ಬಂದು ಮಾಳಿಗೆಗಳ ಮೇಲೆ ಕೂತವೆಂದರೆ, ಮರುದಿನ ದೀಪ ಹಚ್ಚುವ ಹೊತ್ತಿಗೆ ಅದು ಗುಡ್ಡ ಇಳಿಯುತ್ತದೆ. ಆಳೆತ್ತರ, ಬೀದಿಯಗಲ. ಅದು ಓಡುವುದಿಲ್ಲ. ಸಂತೆಗೆ ಹೊರಟ ಮುದುಕನಂತೆ ಮನೆಮನೆಯ ಮುಂದೆ ನಿಂತು ಕಿಟಕಿಯಲ್ಲಿ ಇಣುಕುತ್ತದೆ. ಒಳಗೆ ಒಂದು ಮುಖ ಕಂಡರೆ ಮುಂದಕ್ಕೆ ಹೋಗುತ್ತದೆ. ಕಾಣದಿದ್ದರೆ ಅಲ್ಲೇ ನಿಂತು ಕಾಯುತ್ತದೆ, ಕಾದು ಸಾಕಾದರೆ ಒಳಗೇ ಬಂದುಬಿಡುತ್ತದೆ. ಊರು ದಾಟಿ ಹೊಳೆ ಮುಟ್ಟಿತೆಂದರೆ ಮುಂದಿನ ವರ್ಷದವರೆಗೆ ಅದರ ಸುದ್ದಿಯಿಲ್ಲ.

ಹೀಗಾಗಿ ನಮ್ಮ ಮನೆಗಳಿಗೆ ಬೀದಿಯ ಕಡೆ ಒಂದೇ ಕಿಟಕಿ. ಅದಕ್ಕೆ ಕಬ್ಬಿಣದ ಚೌಕಟ್ಟು, ಚೌಕಟ್ಟಿನೊಳಗೆ ತಂತಿಗಾಜು. ಹೊಟ್ಟೆಯಲ್ಲಿ ಮೀನಿನ ಬಲೆ ನುಂಗಿ ಕೂತಂಥ ದಪ್ಪ ಗಾಜು, ತುಸು ಹಸಿರು ಬಣ್ಣ. ಹೊರಗಿನವರು ಇದನ್ನು ಗಟ್ಟಿ ಗಾಜು ಎಂದುಕೊಳ್ಳುತ್ತಾರೆ. ಹಾಗೇನಿಲ್ಲ, ಹುಡುಗರ ಚೆಂಡು ಬಿದ್ದರೂ ಬಿರಿಯುತ್ತದೆ. ಬೆಂಕಿಯ ಕಾವಿಗಂತೂ ಬಿರಿದೇ ಬಿರಿಯುತ್ತದೆ. ಆದರೆ ಬಿರಿದ ಮೇಲೂ ಬೀಳುವುದಿಲ್ಲ. ಒಳಗಿನ ತಂತಿ ಒಂದು ಚೂರನ್ನೂ ಕೆಳಗೆ ಬಿಡುವುದಿಲ್ಲ. ನಮಗೆ ಬೇಕಾದದ್ದು ಅಷ್ಟೇ.

ಬೆಂಕಿ ಬರುವ ಸಂಜೆ ಪ್ರತಿ ಮನೆಯಲ್ಲೂ ಒಬ್ಬರು ಕಿಟಕಿಗೆ ಕೂರಬೇಕು. ಅವ್ವ ಕೂರುವಾಗ ಹರಕು ಬಟ್ಟೆ ಹೊಲಿಯುತ್ತಿದ್ದಳು. ಕೆಲವರು ಜಪ ಮಾಡುತ್ತಾರೆ, ಕೆಲವರು ರೇಡಿಯೊ ಕೇಳುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಕಿಟಕಿಗೆ ಕೂತು ಅಭ್ಯಾಸವಿದೆಯೇ ಎಂದು ಕೇಳುತ್ತಾರೆ. ಪ್ರತಿ ವರ್ಷ ಗಾಜಿನಲ್ಲಿ ಒಂದು ಬಿರುಕು ಹೆಚ್ಚಾಗುತ್ತದೆ, ಆ ಬಿರುಕು ಕೂತವರ ಹೆಸರಿಗೆ. ಇದು ಅಜ್ಜಿಯದು, ಇದು ದೊಡ್ಡ ಸೊಸೆಯದು ಎಂದು ಮಕ್ಕಳು ಬೆರಳಿಟ್ಟು ಹೇಳುತ್ತಾರೆ. ಅದಕ್ಕೇ ನಮ್ಮಲ್ಲೊಂದು ಕಟ್ಟುಪಾಡು: ಬಿರುಕಿನ ಗಾಜು ಹೊಸ್ತಿಲು ದಾಟಬಾರದು. ಹೊಸ ಗಾಜು ಕೂರಿಸಿದರೂ ಹಳೆಯದನ್ನು ದೇವರ ಕೋಣೆಯ ಗೋಡೆಗೆ ಆನಿಸಿ ಇಡುತ್ತಾರೆ. ಮಗಳಿಗೂ ಕೊಡುವುದಿಲ್ಲ.

ನಾನು ಈ ಊರಿನ ಶಾಲೆಯಲ್ಲಿ ಬಹಳ ಕಾಲ ವಿಜ್ಞಾನ ಕಲಿಸಿದವಳು. ಸುಲೋಚನಾ ಎಂಬ ಹೆಸರು ಪಕ್ಕದ ಮನೆಯ ಕಾಶವ್ವನ ಬಾಯಲ್ಲಿ ಮಾತ್ರ ಸುಲೂ ಎಂದು ಉಳಿದಿದೆ. ಮಿಕ್ಕವರಿಗೆಲ್ಲ ನಾನು ಅಕ್ಕೋರು. ಮದುವೆಯಾಗಲಿಲ್ಲ, ಅವ್ವನ ಮನೆಯಲ್ಲೇ ಉಳಿದೆ. ಅವ್ವ ಹೋದ ಮೇಲೆ ಕಿಟಕಿಗೆ ನಾನೇ ಕೂರುತ್ತ ಬಂದೆ.

ಕಳೆದ ಮಳೆಗಾಲದಲ್ಲಿ ನಮ್ಮ ಹೆರಿಗೆ ಆಸ್ಪತ್ರೆಯ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಿದರು. ಒಂದೇ ದೊಡ್ಡ ವಾರ್ಡು, ಬೀದಿಯ ಕಡೆ ಗೋಡೆಯಗಲದ ಕಿಟಕಿ. ಪುರಸಭೆಯ ಅಧ್ಯಕ್ಷ ಮಲಕಾಜಪ್ಪ ಅದಕ್ಕೆ ನಗರದಿಂದ ತಿಳಿಗಾಜು ತರಿಸಿದ. ಗಾಜಿದೆಯೋ ಇಲ್ಲವೋ ತಿಳಿಯದಷ್ಟು ತಿಳಿ.

“ಹಡದಾಕಿ ಕಣ್ಣು ತೆರದ್ರ ತಂತಿ ಕಾಣಬಾರದ್ರಿ. ಜೇಲಿನ್ಯಾಗ ಹಡದೀನೇನೋ ಅನಸ್ತದ” ಎಂದು ಅವನು ಹೇಳಿದ್ದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಜನ ಅನುಮಾನಪಟ್ಟಾಗ ಆಸ್ಪತ್ರೆಯ ಅಂಗಳದಲ್ಲಿ ಪರೀಕ್ಷೆ ಇಟ್ಟ. ಒಂದು ಕಡೆ ತಂತಿಗಾಜು, ಇನ್ನೊಂದು ಕಡೆ ತಿಳಿಗಾಜು. ಗರಡಿಯ ಪೈಲ್ವಾನನಿಂದ ರುಬ್ಬುಗುಂಡು ಎಸೆಸಿದ. ತಂತಿಗಾಜು ಮೊದಲ ಏಟಿಗೇ ಜೇಡರ ಬಲೆಯಂತೆ ಬಿರಿಯಿತು. ತಿಳಿಗಾಜು ಗಂಟೆಯಂತೆ ‘ಠಣ್’ ಎಂದಿತು, ಅಷ್ಟೆ. ಜನ ಚಪ್ಪಾಳೆ ತಟ್ಟಿದರು.

“ಬೆಂಕಿ ಕಲ್ಲು ಒಗಿಯೂದಿಲ್ಲಲ್ಲಪ್ಪ ಮಲಕಾಜಪ್ಪ” ಎಂದೆ ನಾನು.

“ಅಕ್ಕೋರು ಇನ್ನೂ ಪಾಠ ಬಿಟ್ಟಿಲ್ಲ!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಸರಿಯಾಗಿ ಹೇಳಲು ನನ್ನ ಕೈಯಲ್ಲೂ ಪುರಾವೆ ಇರಲಿಲ್ಲ. ಅಂಥ ಗಾಜನ್ನು ನಾನೂ ಮೊದಲ ಸಲ ನೋಡುತ್ತಿದ್ದೆ.

ಈ ವರ್ಷ ಕಾಗೆಗಳು ಬಂದ ಬೆಳಿಗ್ಗೆ ನಾನು ಆಸ್ಪತ್ರೆಯಲ್ಲಿದ್ದೆ. ಸೊಪ್ಪು ಮಾರುವ ಗುರುಬಾಯಿಗೆ ಹೆರಿಗೆಯಾಗಿತ್ತು. ಗುರುಬಾಯಿ ದಿನಾ ನನ್ನ ಬಾಗಿಲಿಗೆ ಬಂದು ಮೆಂತ್ಯ, ಪುಂಡಿ ಕೊಟ್ಟು ಹೋಗುವಾಗ, ನಾನು ನೋಡದ ಹಾಗೆ ಒಂದು ಕಟ್ಟು ಕೊತ್ತಂಬರಿ ಕಟ್ಟೆಯ ಮೇಲೆ ಬಿಟ್ಟು ಹೋಗುವವಳು. ಕೂಗಿ ಕರೆದರೆ ಕಿವಿ ಕೇಳದವಳಂತೆ ನಡೆಯುತ್ತಾಳೆ. ಮದುವೆಯಾಗಿ ಬಹಳ ವರ್ಷದ ಮೇಲೆ ಬಸುರಾದವಳು. ಕೂಸು ಅವಧಿಗೆ ಮುಂಚೆಯೇ ಹುಟ್ಟಿತ್ತು. ಅಂಗೈಯಷ್ಟು ಹೆಣ್ಣುಕೂಸು, ಕರೆಂಟಿನ ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿತ್ತು. ಅವಳ ಗಂಡ ಲಾರಿ ಜೊತೆ ದೂರ ಹೋಗಿದ್ದ.

“ಚಾ ಕುಡೀರಿ ಅಕ್ಕೋರ” ಎಂದು ಆಯಾ ರೋಸಮ್ಮ ಲೋಟ ತಂದಳು. “ಸ್ವಲ್ಪ ತಡ ಆತು. ಒಲಿ ಮುಂದ ಒಂದು ಉಳಿದ ಗಾಜು ನಿಲ್ಲಿಸಿದ್ದೆ, ಗಾಳಿಗೆ ಅಡ್ಡ ಇರಲಿ ಅಂತ. ಈ ಕಿಟಕೀದೇ ಗಾಜು. ‘ಢಪ್’ ಅಂತು ನೋಡ್ರಿ, ಕಲ್ಲುಸಕ್ರಿ ಸುರದಂಗ ಆತು. ಗುಡಿಸಿ ಗುಡಿಸಿ ಸಾಕಾತು.”

“ಬಿರುಕು ಬಿಟ್ಟಿತೋ, ಉದುರಿತೋ?”

“ಬಿರುಕು ಎಲ್ಲಿದು? ಇತ್ತು, ಇಲ್ಲ. ಹಂಗ!”

ನಾನು ಲೋಟ ಕೆಳಗಿಟ್ಟೆ. ಗುರುಬಾಯಿಯ ಮಂಚ ಆ ಗೋಡೆಯಗಲದ ಕಿಟಕಿಗೆ ಎದುರಾಗಿತ್ತು. ಪೆಟ್ಟಿಗೆ ಮಂಚದ ಪಕ್ಕದಲ್ಲಿತ್ತು. ಹೊರಗೆ ಆಸ್ಪತ್ರೆಯ ಮಾಳಿಗೆಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು.

ತಾಯಿ ಕೂಸನ್ನು ಬೇರೆ ಕಡೆ ಸಾಗಿಸಬಹುದೇ ಎಂದು ಡಾಕ್ಟರ್ ತುಂಗಾಬಾಯಿಯನ್ನು ಕೇಳಿದೆ. ಅವಳು ನನ್ನ ವಿದ್ಯಾರ್ಥಿನಿ, ಸುಳ್ಳು ಸಮಾಧಾನ ಹೇಳುವವಳಲ್ಲ. “ಗುರುಬಾಯೀನ್ನ ಎತ್ಕೊಂಡು ಹೋಗಬಹುದು ಅಕ್ಕೋರ. ಕೂಸನ್ನ ಆಗೂದಿಲ್ಲ. ಪೆಟ್ಟಿಗಿ ಬಿಟ್ಟು ಹೊರಗ ತೆಗೆದ್ರ ಉಸಿರು ನಿಲ್ಲತದ. ಅದರ ವೈರಿಂಗು ಈ ಗ್ವಾಡಿಗೇ ಅದ, ಬ್ಯಾರೆ ಕಡೆ ಜಾಗಾನೂ ಇಲ್ಲ.”

“ಕೂಸು ಇಲ್ಲೇ ಇದ್ರ ನಾನೂ ಇಲ್ಲೇ” ಎಂದಳು ಗುರುಬಾಯಿ ಮಲಗಿದಲ್ಲಿಂದಲೇ. “ಅಕ್ಕೋರ, ಏನಾರ ಮಾಡ್ರಿ. ನಿಮ್ಮ ಕಾಲು ಹಿಡೀತೀನಿ ಅಂದ್ರ ಏಳಾಕ ಬರವಲ್ದು.”

ಮಲಕಾಜಪ್ಪನ ಮನೆಗೆ ಹೋದೆ. ರೋಸಮ್ಮ ಗುಡಿಸಿದ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಅವನ ಮೇಜಿನ ಮೇಲೆ ಸುರಿದೆ. ಅವನು ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ನಗರಕ್ಕೆ ಹೇಳಿ ಕಳಿಸಿದರೆ ತಂತಿಗಾಜು ಬರಲು ವಾರ ಬೇಕು, ಊರ ಅಂಗಡಿಯಲ್ಲಿ ಒಂದು ತುಂಡೂ ಇಲ್ಲ ಎಂದ.

“ಅಂಗಡ್ಯಾಗ ಇಲ್ಲ. ಊರಾಗ ಐತಿ” ಎಂದೆ.

ಗಾಜು ಕೂರಿಸುವ ದಸ್ತಗೀರ ಆಗಲೇ ಊರವರ ಕಿಟಕಿಗಳಿಗೆ ಪುಟ್ಟಿ ಮೆತ್ತುತ್ತ ಓಡಾಡುತ್ತಿದ್ದ. ಅವನನ್ನು ಕರೆದುಕೊಂಡು ಬಂದು ಕಿಟಕಿ ತೋರಿಸಿದೆ. ಅವನು ಬಾಯಲ್ಲಿದ್ದ ಎಲೆಅಡಿಕೆ ಒಂದು ಕಡೆಗೆ ಸರಿಸಿ, “ಇಷ್ಟು ದೊಡ್ಡದು ಒಂದೇ ತುಂಡು ಸಿಗಾಂಗಿಲ್ಲ ಅಕ್ಕೋರ. ಕಬ್ಬಿಣದ ಪಟ್ಟಿ ಹಾಕಿ ಖಾನೆ ಖಾನೆ ಮಾಡ್ತೀನಿ. ತುಂಡು ತುಂಡು ತರ್ರಿ, ಕೌದಿ ಹೊಲದಂಗ ಕೂಡಸ್ತೀನಿ. ತಂದು ಕೊಡೋರು ಯಾರು?” ಎಂದ.

“ನಾನು” ಎಂದೆ.

ಅಲ್ಲಿಂದ ಆ ಇಡೀ ದಿನ, ಮರುದಿನ ಮಧ್ಯಾಹ್ನದವರೆಗೆ, ನಾನು ಈ ಊರಿನ ಒಂದೊಂದು ಬಾಗಿಲನ್ನೂ ತಟ್ಟಿದೆ. ಮಲಕಾಜಪ್ಪ ಕೈಗಾಡಿ ಕಳಿಸಿದ್ದ. ನಾಚಿಕೆಯಿಂದ ತಾನು ಮಾತ್ರ ಬರಲಿಲ್ಲ, ಆದರೆ ಗಾಡಿಯಲ್ಲಿ ಗೋಣಿಚೀಲ ಹಾಸಿ, ಒಂದು ತಂಬಿಗೆ ನೀರಿಡುವುದನ್ನು ಮರೆತಿರಲಿಲ್ಲ. ಮೊದಲು ಮನೆಯಲ್ಲದ ಜಾಗಗಳಿಗೆ ಹೋದೆ. ಕಟ್ಟುಪಾಡು ಮನೆಗೆ ತಾನೇ? ಟಾಕೀಜಿನವರು ರೀಲು ತಿರುಗುವ ಕೋಣೆಯ ಪುಟ್ಟ ಕಿಂಡಿಯ ಗಾಜು ಬಿಚ್ಚಿಕೊಟ್ಟರು. ಲಾಡ್ಜಿನ ಮಾಲೀಕ ಮೆಟ್ಟಿಲ ಬಳಿಯ ಬಾಗಿಲನ್ನೇ ಕಳಚಿ ಗಾಡಿಗೆ ಹಾಕಿಸಿದ. ಬೇಕರಿಯವನು ಭಟ್ಟಿಯ ಕೋಣೆಯ ಗಾಜು ಕೊಟ್ಟು, “ಮಸಿ ಐತ್ರಿ, ತೊಳಕೊಳ್ರಿ” ಎಂದು ಜೊತೆಗೆ ಸಾಬೂನಿನ ತುಂಡನ್ನೂ ಕೊಟ್ಟ. ಶಾಲೆಯ ಪ್ರಯೋಗಾಲಯದ ಬಾಗಿಲಿಂದ ಒಂದು ಸಿಕ್ಕಿತು. ಇವನ್ನೆಲ್ಲ ಕೂಡಿಸಿದರೂ ಕಿಟಕಿಯ ಮುಕ್ಕಾಲು ಭಾಗ ಖಾಲಿ.

ಉಳಿದದ್ದು ಮನೆಗಳು. ಎಲ್ಲರ ದೇವರ ಕೋಣೆಯಲ್ಲೂ ಹಳೆಯ ಬಿರುಕು ಗಾಜುಗಳು ಆನಿಸಿಟ್ಟಿದ್ದವು.

“ನಮ್ಮತ್ತಿ ಪ್ರಾಣ ಅದ ಅದರಾಗ ಅಕ್ಕೋರ, ಹೆಂಗ ಕೊಡ್ಲಿ?” ಎಂದಳು ಒಬ್ಬಳು. ಇನ್ನೊಂದು ಮನೆಯಲ್ಲಿ ಯಜಮಾನ, “ಬಿರುಕು ಬಿಟ್ಟದ್ದು ಕೊಟ್ಟು ಆ ಕೂಸಿಗೆ ಕೇಡಾದ್ರ? ನಮ್ಮ ಮನಿತನದ ಮ್ಯಾಲ ಬರ್ತದ” ಎಂದು ಬಾಗಿಲು ಮುಚ್ಚಿಕೊಂಡ. ಅವರದು ಜಿಪುಣತನವಲ್ಲ. ಹೆದರಿಕೆ. ಒಂದು ಮನೆಯ ಬಿರುಕು ಇನ್ನೊಂದು ಮನೆಗೆ ಕೇಡು ತರುತ್ತದೆ ಎಂದೇ ನಮ್ಮವರು ತಲೆಮಾರಿನಿಂದ ನಂಬಿ, ಇನ್ನೂ ಗಟ್ಟಿಮುಟ್ಟಾದ ಗಾಜುಗಳನ್ನು ಗೋಡೆಗೆ ಆನಿಸಿ ಪೂಜೆ ಮಾಡುತ್ತಿದ್ದರು.

ಕೊನೆಗೆ ಕಾಶವ್ವನ ಮನೆ. ನಮ್ಮಿಬ್ಬರಿಗೆ ಒಂದೇ ಗೋಡೆ. ನಮ್ಮ ಹಿತ್ತಲ ಬಾಗಿಲುಗಳೂ ಒಂದೇ ಅಂಗಳಕ್ಕೆ ತೆರೆಯುತ್ತವೆ. ಅವಳ ದೇವರ ಕೋಣೆಯಲ್ಲಿ ಆಳುದ್ದದ ಗಾಜಿತ್ತು.

“ಇಲ್ಲ” ಎಂದಳು, ನಾನು ಬಾಯಿ ತೆರೆಯುವ ಮೊದಲೇ. “ನೀ ಊರ ತುಂಬ ಏನು ಬೇಡಕೋತ ಅಡ್ಡಾಡಾಕತ್ತೀ ಅಂತ ಗೊತ್ತಾಗೇತಿ. ನಾ ಕೊಡೂದಿಲ್ಲ.”

“ಕಾಶೀ, ಹಸಗೂಸು…”

“ಹಸಗೂಸಿನ ಹೆಸರು ಹೇಳಿ ನನ್ನ ಅಳಸಬ್ಯಾಡ. ಅದರಾಗ ನನ್ನ ಮಗಳ ಬಿರುಕು ಐತಿ. ಆಕಿ ಕೂತದ್ದು ಅದೊಂದ ವರ್ಷ.”

ಅವಳ ಮಗಳು ಜ್ವರದಲ್ಲಿ ಹೋದದ್ದು ನನಗೆ ಗೊತ್ತಿತ್ತು. ಆ ಹುಡುಗಿ ನನ್ನ ತರಗತಿಯಲ್ಲೇ ಇದ್ದಳು. ನಾನು ಮತ್ತೆ ಕೇಳಲಿಲ್ಲ. ಹಿಂದಿರುಗಿ ನಡೆದೆ.

“ಎಲ್ಲಿಗೆ ಹೊಂಟಿ?” ಎಂದಳು.

“ನನ್ನ ಮನಿಗೆ. ನನ್ನ ಕಿಟಕಿ ಬಿಚ್ಚಸ್ತೀನಿ.”

“ಗೋಡೆಗೆ ಇಟ್ಟದ್ದೋ?”

“ಅದೂ, ಕಿಟಕ್ಯಾಗ ಇರೋದೂ.”

ಕಾಶವ್ವ ಹೊಸ್ತಿಲಿಗೆ ಬಂದು ನಿಂತಳು. “ತಲಿ ಕೆಟ್ಟೈತೇನ ನಿನಗ? ಕಿಟಕಿ ಇಲ್ಲದ ಮನಿ, ಮಾರಿ ಇಲ್ಲದ ಮನಿ! ಅದು ನಿಂತು ಕಾದು ಒಳಗ ಬರ್ತದ. ನಿಮ್ಮವ್ವ ಕಟ್ಟಿದ ಮನಿ ಸುಡಾಕ ಹೊಂಟೀಯೇನ?”

“ಮನಿ ಮತ್ತ ಕಟ್ಟಬಹುದು ಕಾಶೀ.”

“ಈ ವಯಸ್ಸಿನ್ಯಾಗ? ಯಾರು, ನೀನು? ಕಟ್ಟು, ಕಟ್ಟು. ಇನ್ನ ಮ್ಯಾಲ ನನ್ನ ಕೂಡ ಮಾತಾಡಬ್ಯಾಡ” ಎಂದು ಬಾಗಿಲು ಬಡಿದಳು. ಇಷ್ಟು ವರ್ಷದ ಸ್ನೇಹದಲ್ಲಿ ಅವಳು ನನ್ನ ಮುಖಕ್ಕೆ ಬಾಗಿಲು ಹಾಕಿದ್ದು ಅದೇ ಮೊದಲು.

ದಸ್ತಗೀರ ಗಾಜು ಬಿಚ್ಚುವಾಗ ನಾನು ಕೆಳಗೆ ಹಿಡಿದುಕೊಂಡೆ. ಗಾಜು ಅಷ್ಟು ಭಾರವೆಂದು ಗೊತ್ತಿರಲಿಲ್ಲ. ಅವ್ವ ಕೂತ ವರ್ಷಗಳ ಬಿರುಕುಗಳು ಮೇಲಿನಿಂದ ಕೆಳಗೆ ಕೂದಲಿನಂತೆ ಇಳಿದಿದ್ದವು, ನನ್ನವು ಅಡ್ಡಡ್ಡ. ಅವನು ಖಾಲಿ ಚೌಕಟ್ಟಿಗೆ ತಗಡು ಬಡಿದ. ಬಡಿಯುವಾಗ ನನ್ನ ಮುಖ ನೋಡಲಿಲ್ಲ. ನಾನು ಆ ಗಾಜನ್ನೂ ದೇವರ ಕೋಣೆಯದನ್ನೂ ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ ಗಾಡಿಯ ಮೇಲೆ ಹಾಕಿ, ಓಣಿಯ ನಡುವೆ, ಎಲ್ಲರಿಗೂ ಕಾಣುವಂತೆ ತಳ್ಳಿಕೊಂಡು ಹೊರಟೆ. ಬಿರುಕಿನ ಗಾಜು ಹೊಸ್ತಿಲು ದಾಟಿತ್ತು. ಸಿಡಿಲೇನೂ ಬೀಳಲಿಲ್ಲ.

ಮುಂದಿನ ಓಣಿಯಲ್ಲಿ, ಬಾಗಿಲು ಮುಚ್ಚಿಕೊಂಡಿದ್ದ ಆ ಯಜಮಾನ ಕಟ್ಟೆಯ ಮೇಲೆ ನಿಂತಿದ್ದ. ಗಾಡಿಯನ್ನು ನೋಡಿದ. “ಅಕ್ಕೋರ, ನಿಲ್ರಿ” ಎಂದು ಒಳಗೆ ಹೋಗಿ, ಬೆನ್ನು ಬಾಗಿಸಿ ಒಂದು ಗಾಜು ಹೊತ್ತು ತಂದ. ಅತ್ತೆಯ ಪ್ರಾಣ ಎಂದವಳು ತಾನೇ ಆಸ್ಪತ್ರೆಯವರೆಗೂ ಬಂದು, ಗಾಜನ್ನು ದಸ್ತಗೀರನ ಕೈಗೆ ಕೊಡುವ ಮುಂಚೆ ಅದಕ್ಕೆ ಕುಂಕುಮ ಹಚ್ಚಿದಳು. ಎಲ್ಲರೂ ಕೊಟ್ಟರು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆಚ್ಚಿನವರು ಕೊಡಲಿಲ್ಲ. ಕಿಟಕಿಗೆ ಸಾಕಾಗುವಷ್ಟು ಬಂತು.

ಹೊತ್ತು ಇಳಿಯುವ ಮೊದಲು ದಸ್ತಗೀರ ಕೊನೆಯ ಖಾನೆಗೆ ಪುಟ್ಟಿ ಮೆತ್ತಿ, ಬೆರಳು ಒರೆಸಿಕೊಂಡು ತನ್ನ ಮನೆಗೆ ಓಡಿದ. ಬಿಚ್ಚಿದ ತಿಳಿಗಾಜುಗಳನ್ನು ಅಂಗಳದ ಗೋಡೆಗೆ ಆನಿಸಿಟ್ಟಿದ್ದ. ಡಾಕ್ಟರು ಪೆಟ್ಟಿಗೆಯ ಹತ್ತಿರ ನಿಂತಳು. ನಾನು ಸ್ಟೂಲು ಎಳೆದುಕೊಂಡು ಗುರುಬಾಯಿಯ ಮಂಚದ ಪಕ್ಕ ಕೂತೆ. ಅವಳಿಗೆ ದಿಂಬು ಕೊಟ್ಟು ಎತ್ತರಿಸಿದ್ದೆವು.

“ಅಕ್ಕೋರ, ಮ್ಯಾಲಿನ ಮೂಲ್ಯಾಗಿಂದು ಯಾರದು?”

“ಟಾಕೀಜಿನದು.”

“ಹಂಗಾರ ಬೆಂಕೀಗೆ ಸಿನೆಮಾ ಕಾಣ್ತದೇನೋ” ಎಂದು ನಗಲು ಹೋಗಿ ಹೊಲಿಗೆ ಎಳೆದು ‘ಅಯ್ಯವ್ವಾ’ ಎಂದಳು. “ಕುಂಕುಮದ್ದು?” “ಮಸಿಯದ್ದು?” ಎಂದು ಒಂದೊಂದನ್ನೇ ಕೇಳಿದಳು. ನಡುವಿನ ದೊಡ್ಡದನ್ನು ನೋಡಿ ಮಾತ್ರ ಕೇಳಲಿಲ್ಲ. ದಿನಾ ಆ ಕಿಟಕಿಯ ಮುಂದೆ ಬುಟ್ಟಿ ಇಳಿಸುವವಳಿಗೆ ಅದರ ಗುರುತು ಸಿಕ್ಕಿತ್ತು. ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು.

ಆಗ ಬೀದಿ ಕೆಂಪಾಯಿತು.

ಅದು ಬಂದು ಕಿಟಕಿಯ ಮುಂದೆ ನಿಂತಿತು. ಅಂಗಳದಲ್ಲಿ ತಿಳಿಗಾಜುಗಳು ಒಂದರ ಹಿಂದೊಂದು ಸಿಡಿದು, ಆಲಿಕಲ್ಲಿನಂತೆ ನೆಲಕ್ಕೆ ಸುರಿದ ಸದ್ದು ಕೇಳಿತು. ರೋಸಮ್ಮ ಶಿಲುಬೆಯ ಗುರುತು ಮಾಡಿಕೊಂಡಳು. ನಮ್ಮ ಕಿಟಕಿಯ ಗಾಜುಗಳು ಟಿಕ್ ಟಿಕ್ ಎನ್ನತೊಡಗಿದವು. ಹಳೆಯ ಬಿರುಕುಗಳ ಪಕ್ಕದಲ್ಲಿ ಹೊಸವು ಓಡಿದವು. ಬೇಕರಿಯ ಗಾಜು ಅಂಚಿನಿಂದ ಅಂಚಿಗೆ ಸೀಳಿತು. ತಂತಿಗಳು ಕೆಂಪಗೆ ಕಾದು ಒಂದೊಂದು ಮನೆಯ ಜಾಲರಿಯೂ ಬೇರೆ ಬೇರೆಯಾಗಿ ಕಾಣಿಸಿತು: ಚೌಕ, ಆರು ಮೂಲೆ, ವಜ್ರ. ಒಂದು ಚೂರೂ ಬೀಳಲಿಲ್ಲ. ನಾವಿಬ್ಬರೂ ಮುಖ ತಿರುಗಿಸಲಿಲ್ಲ.

ಆದರೆ ಬೆಂಕಿ ಹೋಗಲಿಲ್ಲ. ಕೂತ ಮುಖಗಳನ್ನು ನೋಡಿಯೂ ಅದು ಅಷ್ಟು ಹೊತ್ತು ನಿಂತದ್ದನ್ನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಪಕ್ಕದಲ್ಲಿ ಗುರುಬಾಯಿ ಮೊಣಕೈ ಊರಿ ಮೇಲೆದ್ದಳು. ಸಂತೆಯಲ್ಲಿ ಸೊಪ್ಪು ಹಿಸುಕಿ ನೋಡುವವರನ್ನು ಗದರಿಸುವ ಅದೇ ದನಿಯಲ್ಲಿ, “ನೋಡಿದ್ಯಲ್ಲೋ? ಹೆಣ್ಣುಕೂಸು. ಹೆಸರು ಇನ್ನೂ ಇಟ್ಟಿಲ್ಲ. ಎಷ್ಟಂತ ನೋಡ್ತೀ? ಮುಂದಿನ ಮನ್ಯಾಗ ಮಂದಿ ಕಾಯಾಕತ್ತಾರ, ನಡಿ!” ಎಂದಳು.

ಅದು ತುಸು ಹೊತ್ತು ಹಾಗೇ ಇತ್ತು. ಆಮೇಲೆ ಕೆಂಪು ಮೆಲ್ಲಗೆ ಗೋಡೆಯಿಂದ ಗೋಡೆಗೆ ಸರಿದು ಹೋಯಿತು. ಪೆಟ್ಟಿಗೆಯೊಳಗೆ ಕೂಸು ಆಕಳಿಸಿತು.

ಬೆಂಕಿ ನಮ್ಮ ಓಣಿಗೆ ತಿರುಗಿ, ದಾಟಿ, ಹೊಳೆಯತ್ತ ಇಳಿದದ್ದು ತಿಳಿದ ಮೇಲೆ ನಾನು ಎದ್ದು ಮನೆಗೆ ಹೊರಟೆ. ಕತ್ತಲಾಗಿತ್ತು, ಆಸ್ಪತ್ರೆಯ ಟಾರ್ಚು ಹಿಡಿದುಕೊಂಡೆ. ಯಾರಾದರೂ ಜೊತೆಗೆ ಬರಲೇ ಎಂದು ರೋಸಮ್ಮ ಕೇಳಿದಳು, ಬೇಡವೆಂದೆ. ನೋಡಬೇಕಾದದ್ದನ್ನು ನಾನೇ ನೋಡಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಮನೆ ಹೋಗಿದ್ದರೆ ಆಸ್ಪತ್ರೆಯ ಜಗುಲಿಯಲ್ಲಿ ಮಲಗುವುದು, ಬೆಳಿಗ್ಗೆ ಎದ್ದು ಕಲ್ಲು ಹೊರುವವರನ್ನು ಕರೆಯುವುದು.

ತಗಡು ಎಲೆಯಂತೆ ಸುರುಳಿ ಸುತ್ತಿಕೊಂಡು ಬೀದಿಗೆ ಬಿದ್ದಿತ್ತು. ಮುಂದಿನ ಕೋಣೆ ಕಪ್ಪಾಗಿತ್ತು. ನನ್ನ ಪುಸ್ತಕದ ಕಪಾಟು ಇಲ್ಲ, ಅವ್ವನ ಕುರ್ಚಿ ಇಲ್ಲ. ಬೂದಿ ಇನ್ನೂ ಬೆಚ್ಚಗಿತ್ತು. ಬೆಂಕಿ ಒಳಗೆ ಬಂದಿತ್ತು. ಆದರೆ ನಡುಮನೆಯ ಬಾಗಿಲ ತನಕ ಬಂದು ಅಲ್ಲಿಂದ ಹಿಂದಿರುಗಿತ್ತು. ಚೌಕಟ್ಟಿನ ಈಚೆಗೆ ನೆಲ ಕಪ್ಪು, ಆಚೆಗೆ ಸ್ವಚ್ಛ. ಆಚೆಗೆ, ಬೀದಿಗೆ ಮುಖ ಮಾಡಿ, ಒಂದು ಮಣೆ ಹಾಕಿತ್ತು. ನಾನು ಹಾಕಿದ್ದಲ್ಲ.

ನಾನು ನಡುಮನೆ ದಾಟಿ ಹಿಂದಕ್ಕೆ ಹೋದೆ. ಹಿತ್ತಲ ಬಾಗಿಲು ತೆರೆದಿತ್ತು. ಕಾಶವ್ವ ಹೊರಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು. ಅವಳ ಹುಬ್ಬಿನ ಕೂದಲು ಸುಟ್ಟು ಮುದುಡಿತ್ತು, ಕೆನ್ನೆ ಒಲೆಯ ಮುಂದೆ ಕೂತಂತೆ ಕೆಂಪಾಗಿತ್ತು. ಅವಳ ಮನೆಯ ಕಿಟಕಿಗೆ ಸೊಸೆ ಕೂತಿರಬೇಕು. ನಾನು ಏನೋ ಹೇಳಲು ಹೋದೆ. ಅವಳು ಬೇಡವೆಂಬಂತೆ ತಲೆಯಾಡಿಸಿದಳು. ಬಟ್ಟೆಯಲ್ಲಿ ಕಟ್ಟಿದ ಗಂಗಾಳವನ್ನು ನನ್ನ ಕೈಯಲ್ಲಿಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಬದಿಯಲ್ಲಿ ಬೆಣ್ಣೆ. ನಾನು ಮೊದಲ ತುತ್ತು ಮುರಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು.